ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ದೊಡ್ಡವರೇ, ಯಾವ ತರಬೇತಿ ಮಾಡ್ತೀರಿ?

ಭಾನುವಾರ ಬೆಳಗ್ಗೆ ಮೂವತ್ತು ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವ ದೊಡ್ಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಯಾರಿಗೂ ಸಂಬಳ ಇಲ್ಲ. ಒಬ್ಬರು ಪಿಟಿ ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಇನ್ನೊಬ್ಬರು ಮಗಳ ಜೊತೆ ಬಂದು ಹಾಗೇ ಉಳಿದುಕೊಂಡ ಅಮ್ಮ. ಒಂದೆರಡು ವರ್ಷ ಹೀಗೆ ಓಡಾಡಿದ ಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ನಾನೂ ಒಂದು ಟ್ರೈನಿಂಗ್ ಮಾಡ್ಬೇಕು ಅಂತಿದ್ದೀನಿ. ಯಾವುದು ಮಾಡ್ಲಿ?"

ಉತ್ತರ ಹೇಳುವ ಮೊದಲು ಒಂದು ಬೆಳಗಿನ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಚಾರಣದಲ್ಲಿ ನಾನು ಸಾಲಿನ ಕೊನೆಯಲ್ಲಿ ನಡೆಯುತ್ತಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಬಂಡೆಯ ಮೇಲೆ ಕೂತುಬಿಟ್ಟಳು. ತಲೆ ಸುತ್ತುತ್ತಿದೆ ಅಂದಳು. ತುಟಿ ಒಣಗಿತ್ತು. ಬ್ಯಾಗಿನ ಪಕ್ಕದಲ್ಲಿದ್ದ ನೀರಿನ ಬಾಟಲಿ ತೆಗೆದು ನೋಡಿದೆ. ಕತ್ತಿನವರೆಗೂ ತುಂಬಿತ್ತು, ಸೀಲ್ ಕೂಡ ಒಡೆದಿರಲಿಲ್ಲ. ಯಾಕೆ ಕುಡಿದಿಲ್ಲ ಅಂತ ಕೇಳಿದರೆ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಗೆಳತಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಆಂಟಿ, ಇಲ್ಲಿ ಟಾಯ್ಲೆಟ್ ಇಲ್ವಲ್ಲ, ಅದಕ್ಕೆ." ಆಮೇಲೆ ವಿಚಾರಿಸಿದರೆ ಇನ್ನೂ ಆರು ಹುಡುಗಿಯರು ಬೆಳಗ್ಗೆಯಿಂದ ನೀರೇ ಮುಟ್ಟಿರಲಿಲ್ಲ.

ನಾವು ಐದು ಜನ ದೊಡ್ಡವರು ಇದ್ದೆವು. ಒಬ್ಬರು ಹಿಮಾಲಯದ ಶಿಖರ ಹತ್ತಿದವರು. ಇನ್ನೊಬ್ಬರಿಗೆ ಹಗ್ಗದ ಕೆಲಸ ನೀರು ಕುಡಿದಷ್ಟು ಸಲೀಸು. ಆದರೆ ಹೊರಡುವ ಮುಂಚೆ ಹುಡುಗಿಯರನ್ನು ಕೂರಿಸಿಕೊಂಡು, ಎಲ್ಲಿ ಹೋಗಬೇಕು, ಯಾರು ಕಾವಲು ನಿಲ್ಲುತ್ತಾರೆ ಅಂತ ಎರಡು ಮಾತು ಹೇಳಬೇಕು ಅನ್ನೋದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಂಡೆಯ ಹಿಂದೆ ದುಪಟ್ಟಾ ಅಡ್ಡ ಹಿಡಿದು ಜಾಗ ಮಾಡಿಕೊಟ್ಟೆವು. ಓಆರ್‌ಎಸ್ ಕಲಸಿ ಸ್ವಲ್ಪ ಸ್ವಲ್ಪವೇ ಕುಡಿಸಿದೆವು. ಮುಕ್ಕಾಲು ಗಂಟೆಯಲ್ಲಿ ಹುಡುಗಿ ಸುಧಾರಿಸಿಕೊಂಡಳು.

ಅವತ್ತಿನಿಂದ ಯಾವ ತರಬೇತಿಯ ಬಗ್ಗೆ ಕೇಳಿದರೂ ನನ್ನ ಅಳತೆಗೋಲು ಆ ಬೆಳಗ್ಗೆಯೇ. ಈ ಕೋರ್ಸ್ ಮಾಡಿದವರು ಅವತ್ತು ಅಲ್ಲಿದ್ದಿದ್ದರೆ ಏನಾದರೂ ಬೇರೆ ಆಗುತ್ತಿತ್ತಾ? ಮಕ್ಕಳ ಶಿಬಿರಗಳಲ್ಲಿ ನಾನು ಕಂಡ ತೊಂದರೆಗಳೆಲ್ಲ ಇಂಥವೇ. ನೀರು ಕುಡಿಯದವರು, ಮಳೆಯಲ್ಲಿ ಜೀನ್ಸ್ ನೆನೆದು ನಡುಗುವವರು, ಮನೆ ನೆನಪಾಗಿ ರಾತ್ರಿ ಅಳುವವರು, ಗುಂಪಿನಿಂದ ಹಿಂದೆ ಬಿದ್ದವರು. ಹಗ್ಗ ಬೇಕಾದ ಸಂದರ್ಭ ಅಪರೂಪ. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದನ್ನು ಕಲಿಸುವ ತರಬೇತಿಗೆ ಜಾಸ್ತಿ ತೂಕ ಕೊಟ್ಟಿದ್ದೇನೆ.

ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ

ಇದು ಹಳೆಯ ದಾರಿ. ಸ್ಕೌಟ್ ನಾಯಕರಿಗೆಂದೇ ಇರುವ ವುಡ್ ಬ್ಯಾಡ್ಜ್ ಅನ್ನುವ ತರಬೇತಿಯ ಮೊದಲ ಶಿಬಿರ ನಡೆದದ್ದು 1919ರ ಸೆಪ್ಟೆಂಬರ್‌ನಲ್ಲಿ, ಲಂಡನ್ ಹತ್ತಿರದ ಗಿಲ್ವೆಲ್ ಪಾರ್ಕಿನಲ್ಲಿ. ಆ ಪದ್ಧತಿಯೇ ನಮ್ಮಲ್ಲಿ ಹಿಮಾಲಯ ವುಡ್ ಬ್ಯಾಡ್ಜ್ ಆಗಿದೆ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಮೊದಲು ಬೇಸಿಕ್ ಕೋರ್ಸ್, ಆಮೇಲೆ ಅಡ್ವಾನ್ಸ್ಡ್, ಅದಾದ ಮೇಲೆ ಹಿಮಾಲಯ ವುಡ್ ಬ್ಯಾಡ್ಜ್. ಬೇಸಿಕ್ ಮತ್ತು ಅಡ್ವಾನ್ಸ್ಡ್ ಎರಡೂ ಸುಮಾರು ಒಂದೊಂದು ವಾರ ಅಲ್ಲೇ ಉಳಿದು ಮಾಡುವಂಥವು. ಬೇಸಿಕ್ ಮುಗಿದ ತಕ್ಷಣ ಮುಂದಿನದಕ್ಕೆ ಓಡುವ ಹಾಗಿಲ್ಲ. ನಡುವೆ ನಿಮ್ಮ ಮಕ್ಕಳ ಜೊತೆ ಕೆಲಸ ಮಾಡಿ ತೋರಿಸಬೇಕು. ಈ ನಿಯಮ ನನಗೆ ಬಹಳ ಇಷ್ಟ. ರಾಷ್ಟ್ರೀಯ ತರಬೇತಿ ಕೇಂದ್ರ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. ನಮ್ಮ ರಾಜ್ಯದಲ್ಲಿ ದೊಡ್ಡಬಳ್ಳಾಪುರ ಮತ್ತು ದಾವಣಗೆರೆ ಕಡೆಯ ಕೊಂಡಜ್ಜಿಯ ಹೆಸರು ಸ್ಕೌಟ್ ಮೇಷ್ಟ್ರುಗಳಿಗೆಲ್ಲ ಗೊತ್ತು.

ಒಳಗೆ ಏನು ನಡೆಯುತ್ತದೆ? ನಲವತ್ತು ದಾಟಿದ ಹೆಡ್‌ಮಾಸ್ಟರ್ ಕೂಡ ಅಲ್ಲಿ ಮತ್ತೆ ಹುಡುಗ. ಬಂದವರನ್ನು ಆರರಿಂದ ಎಂಟು ಜನರ ಪ್ಯಾಟ್ರೋಲ್, ಅಂದರೆ ಚಿಕ್ಕ ಗುಂಪುಗಳಾಗಿ ಹಂಚುತ್ತಾರೆ. ದಿನಕ್ಕೊಬ್ಬರು ಪ್ಯಾಟ್ರೋಲ್ ಲೀಡರ್. ಬೆಳಗ್ಗೆ ಸೀಟಿ, ವ್ಯಾಯಾಮ, ಧ್ವಜ, ಆಮೇಲೆ ತಪಾಸಣೆ. ನಿಮ್ಮ ಪ್ಯಾಟ್ರೋಲ್‌ನ ಅಡುಗೆ ನೀವೇ ಮಾಡಿಕೊಳ್ಳಬೇಕಾದ ದಿನ ಬರುತ್ತದೆ. ಅವತ್ತು ಇಪ್ಪತ್ತೈದರ ಟೀಚರ್ ಲೀಡರ್ ಆಗಿ, ಐವತ್ತರ ಮೇಷ್ಟ್ರು ಹಸಿ ಸೌದೆ ಊದುತ್ತಾ ಕೂತಿರುತ್ತಾರೆ. ಅನ್ನ ಬೆಂದಿಲ್ಲ, ತಪಾಸಣೆಗೆ ಹತ್ತೇ ನಿಮಿಷ ಇದೆ, ಇಬ್ಬರು ಜಗಳ ಆಡುತ್ತಿದ್ದಾರೆ. ಆ ಟೀಚರ್ ಏನು ಮಾಡುತ್ತಾರೆ? ಕಿರುಚುತ್ತಾರಾ, ಸೌಟು ಕಿತ್ತುಕೊಂಡು ತಾವೇ ಮಾಡುತ್ತಾರಾ, ಇಲ್ಲ ಕೆಲಸ ಹಂಚುತ್ತಾರಾ? ತರಬೇತಿ ಅಂದರೆ ಇದೇ. ಗಂಟು, ಕಟ್ಟು, ನಕ್ಷೆ, ದಿಕ್ಸೂಚಿ ಎಲ್ಲ ಕಲಿಸುತ್ತಾರೆ, ನಿಜ. ಆದರೆ ಮನೆಗೆ ತರುವ ದೊಡ್ಡ ಪಾಠ ಬೇರೆ. ಮಕ್ಕಳ ಕೈಗೆ ಕೆಲಸ ಕೊಟ್ಟು, ದೊಡ್ಡವರು ಎರಡು ಹೆಜ್ಜೆ ಹಿಂದೆ ನಿಲ್ಲೋದು. ಸುಮ್ನೆ ನಿಲ್ಲೋದು ಎಷ್ಟು ಕಷ್ಟ ಅನ್ನೋದು ಮಾಡಿ ನೋಡಿದವರಿಗೇ ಗೊತ್ತು.

ಖರ್ಚು ಕಡಿಮೆ. ಶಿಕ್ಷಕರಿಗೆ ಓಓಡಿ (ರಜೆ ಹಾಕದೆ ಬೇರೆ ಕರ್ತವ್ಯದ ಮೇಲೆ ಹೋಗುವ ಅನುಮತಿ) ಸಿಗುತ್ತದೆ. ಕನ್ನಡದಲ್ಲೇ ಕಲಿಸುತ್ತಾರೆ, ಇದು ಸಣ್ಣ ವಿಷಯ ಅಲ್ಲ. ಹಳ್ಳಿ ಶಾಲೆಯ ಟೀಚರ್‌ಗೆ ಇಂಗ್ಲಿಷಿನ ಹೆದರಿಕೆ ಇಲ್ಲದೆ ಸಿಗುವ ಒಳ್ಳೆಯ ಹೊರಾಂಗಣ ತರಬೇತಿ ಇದೊಂದೇ ಅಂತ ನನಗೆ ಅನಿಸಿದೆ.

ಕೊರತೆಯೂ ಇದೆ. ಸಾಮಾನ್ಯವಾಗಿ ಒಂದು ಶಾಲೆ ಅಥವಾ ದಳದ (ಮಕ್ಕಳ ಸ್ಕೌಟ್ ಗುಂಪಿನ) ಮೂಲಕವೇ ಸೇರಬೇಕು. ಸುಮ್ಮನೆ ಹೆಸರು ಕೊಟ್ಟು ಬರುವವರಿಗೆ ಜಾಗ ಕಷ್ಟ. ಮೈದಾನದ ಶಿಬಿರ ನಡೆಸುವುದು ಚೆನ್ನಾಗಿ ಬರುತ್ತದೆ, ಆದರೆ ಆಸ್ಪತ್ರೆಯಿಂದ ಐದು ಗಂಟೆ ದೂರದ ಕಾಡಿನಲ್ಲಿ ಮಗುವಿನ ಕಾಲು ಮುರಿದರೆ ಏನು ಮಾಡಬೇಕು ಅನ್ನುವಷ್ಟು ಆಳಕ್ಕೆ ಹೋಗುವುದಿಲ್ಲ. ಇನ್ನೊಂದು, ಕೆಲವರು ಸರ್ಟಿಫಿಕೇಟ್ ತಂದು ಬೀರುವಿನಲ್ಲಿಟ್ಟು ದಳವನ್ನೇ ಶುರು ಮಾಡುವುದಿಲ್ಲ. ಅದು ಕೋರ್ಸಿನ ತಪ್ಪಲ್ಲ, ಆದರೂ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಕಾಡಿನ ಪ್ರಥಮ ಚಿಕಿತ್ಸೆ

ಊರಿನ ಪ್ರಥಮ ಚಿಕಿತ್ಸೆಗೂ ಕಾಡಿನ ಪ್ರಥಮ ಚಿಕಿತ್ಸೆಗೂ ಒಂದೇ ವ್ಯತ್ಯಾಸ: ಆಂಬುಲೆನ್ಸ್. ಊರಿನಲ್ಲಿ 108ಕ್ಕೆ ಫೋನ್ ಮಾಡಿ, ಅದು ಬರುವವರೆಗೆ ಜೀವ ಹಿಡಿದಿಟ್ಟರೆ ಸಾಕು. ಬೆಟ್ಟದಲ್ಲಿ ನೆಟ್‌ವರ್ಕ್ ಇಲ್ಲ, ರಸ್ತೆ ಇಲ್ಲ. ಗಂಟೆಗಟ್ಟಲೆ ನೀವೇ ನೋಡಿಕೊಳ್ಳಬೇಕು. ಅದಕ್ಕೆಂದೇ ವೈಲ್ಡರ್ನೆಸ್ ಫಸ್ಟ್ ಏಡ್ ಅಂತ ಎರಡು ದಿನದ, ಸುಮಾರು 16 ಗಂಟೆಯ ಕೋರ್ಸ್ ಇದೆ. ಅದರ ದೊಡ್ಡಣ್ಣ ವೈಲ್ಡರ್ನೆಸ್ ಫಸ್ಟ್ ರೆಸ್ಪಾಂಡರ್, 70-80 ಗಂಟೆ, ಒಂಬತ್ತು ಹತ್ತು ದಿನ ಹಿಡಿಯುತ್ತದೆ. ಅಮೆರಿಕದ ನೋಲ್ಸ್ ಸಂಸ್ಥೆಯ ಹೆಸರು ಇದರಲ್ಲಿ ಪ್ರಸಿದ್ಧ. ನಮ್ಮ ದೇಶದಲ್ಲಿ ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಗೆ ಸೇರಿದ ಹಾನಿಫ್ಲ್ ಸೆಂಟರ್ ಇಂಥ ಕೋರ್ಸ್‌ಗಳಿಗೆ ಹೆಸರಾಗಿದೆ.

ನಾನು ಎರಡು ದಿನದ್ದು ಮಾಡಿದಾಗ ನಡೆದದ್ದು ಇನ್ನೂ ಕಣ್ಣಮುಂದಿದೆ. ಒಬ್ಬ ಹುಡುಗ ಬಿದ್ದವನಂತೆ ನೆಲದ ಮೇಲೆ ಮಲಗಿದ್ದ. ನಾನು ಓಡಿಹೋಗಿ ಅವನ ಮಂಡಿಯ ಗಾಯ ನೋಡುತ್ತಾ ಕೂತೆ. ಟ್ರೈನರ್ ಸುಮ್ಮನೆ ನಿಂತಿದ್ದರು. ಐದು ನಿಮಿಷ ಆದ ಮೇಲೆ ಅವರೇ ನನ್ನ ಕೈ ಹಿಡಿದು ಹುಡುಗನ ಬೆನ್ನಿನ ಕೆಳಗೆ ತೂರಿಸಿದರು. ಕೈ ತೆಗೆದರೆ ಅಂಗೈ ತುಂಬ ಕೆಂಪು ಬಣ್ಣ. ಕಾಣುವ ಗಾಯ ನೋಡಿ ನಾನು ಕಾಣದ ಗಾಯ ಮರೆತಿದ್ದೆ. ಮೊದಲು ಜಾಗ ಸುರಕ್ಷಿತವಾ ನೋಡು, ಆಮೇಲೆ ಉಸಿರು, ಆಮೇಲೆ ರಕ್ತ, ಆಮೇಲೆ ತಲೆಯಿಂದ ಕಾಲಿನವರೆಗೆ ಕೈಯಾಡಿಸಿ ನೋಡು, ಟೈಮ್ ಹಾಕಿ ಬರೆದಿಡು. ಈ ಕ್ರಮ ಮೈಗೆ ಹತ್ತುವವರೆಗೆ ಮತ್ತೆ ಮತ್ತೆ ಮಾಡಿಸುತ್ತಾರೆ. ಇನ್ನೂ ಮುಖ್ಯವಾದದ್ದು ಒಂದಿದೆ. ಯಾರನ್ನು ತಕ್ಷಣ ಕೆಳಗೆ ಇಳಿಸಬೇಕು, ಯಾರು ನಿಧಾನವಾಗಿ ನಡೆದೇ ಇಳಿಯಬಹುದು, ಯಾರು ಶಿಬಿರದಲ್ಲೇ ಇರಬಹುದು ಅಂತ ನಿರ್ಧಾರ ಮಾಡುವುದನ್ನು ಕಲಿಸುತ್ತಾರೆ. ನಾಯಕತ್ವ ಅನ್ನುವುದು ಬಹುಪಾಲು ಇಂಥ ನಿರ್ಧಾರವೇ ಅಲ್ವಾ?

ಒಂದು ಎಚ್ಚರಿಕೆ. ಈ ಪಾಠಗಳ ಬುನಾದಿ ಬೇರೆ ದೇಶದ್ದು. ಸೇರುವ ಮುಂಚೆ ಕೇಳಿ: ನಮ್ಮ ಹಾವುಗಳ ಬಗ್ಗೆ ಎಷ್ಟು ಹೊತ್ತು ಹೇಳುತ್ತೀರಿ? ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ನಮ್ಮಲ್ಲಿ ಸಿಗುವ ಆಂಟಿವೆನಮ್ (ವಿಷಕ್ಕೆ ಪ್ರತಿಮದ್ದು) ಒಂದೇ. ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಕೈಕಾಲು ಅಲುಗಾಡದಂತೆ ಇಟ್ಟು, ಆಂಟಿವೆನಮ್ ಇರುವ ಆಸ್ಪತ್ರೆಗೆ ಬೇಗ ಮುಟ್ಟಿಸಬೇಕು. ಕಟ್ಟು ಹಾವು ರಾತ್ರಿ ಮಲಗಿದವರನ್ನೇ ಕಚ್ಚುವುದು ಜಾಸ್ತಿ. ಕಚ್ಚಿದ ಗುರುತು ಕಾಣದೇ ಇರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವು ಅಂತ ಎದ್ದು, ರೆಪ್ಪೆ ಎತ್ತಲು ಕಷ್ಟಪಟ್ಟರೆ ಊಟದ ತಪ್ಪು ಅಂತ ಕೂರಬೇಡಿ. ಹಾಗೇ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರ ಉಣುಗಿನಿಂದ ಬರುತ್ತದೆ, ಚಳಿಗಾಲದಿಂದ ಬೇಸಿಗೆಯವರೆಗೆ ಹೆಚ್ಚು. ಅದೇ ಸಮಯಕ್ಕೆ ನಾವು ಮಲೆನಾಡಿನಲ್ಲಿ ಶಿಬಿರ ಮಾಡುತ್ತೇವೆ. ಮಲೆನಾಡಿಗೆ ಹೋಗುವ ಸ್ವಯಂಸೇವಕರು ಕಲಿಯಬೇಕಾದದ್ದು ಅಮೆರಿಕದ ಕರಡಿಗಳ ಪಾಠ ಅಲ್ಲ, ಇದು.

ಎರಡು ದಿನದ ಕೋರ್ಸ್‌ಗೆ ದುಡ್ಡು ತಕ್ಕಮಟ್ಟಿಗೆ ಆಗುತ್ತದೆ, ಹತ್ತು ದಿನದ್ದಕ್ಕೆ ಹತ್ತಾರು ಸಾವಿರ ರೂಪಾಯಿ. ಅಷ್ಟು ಆಗದಿದ್ದರೆ ಸೇಂಟ್ ಜಾನ್ ಆಂಬುಲೆನ್ಸ್ ಅಥವಾ ರೆಡ್ ಕ್ರಾಸ್ ಪ್ರಥಮ ಚಿಕಿತ್ಸೆಯಿಂದ ಶುರು ಮಾಡಿ. ಅದು ಊರಿಗಾಗಿ ಮಾಡಿದ ಪಾಠ, ಆದರೂ ಏನೂ ಇಲ್ಲದೆ ಹೋಗುವುದಕ್ಕಿಂತ ನೂರು ಪಾಲು ಮೇಲು. ಯಾವುದೇ ಆಗಲಿ, ಕೆಲವು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಕೈ ಮರೆಯುತ್ತದೆ.

ಪರ್ವತಾರೋಹಣ ಕೋರ್ಸ್

ಎಲ್ಲರ ಕಣ್ಣೂ ಇದರ ಮೇಲೆ. ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್ 1954ರಲ್ಲಿ ಶುರುವಾದದ್ದು, ಉತ್ತರಕಾಶಿಯ ನೆಹರು ಇನ್‌ಸ್ಟಿಟ್ಯೂಟ್ 1965ರದ್ದು. ಬೇಸಿಕ್ ಕೋರ್ಸ್ ಹೆಚ್ಚುಕಡಿಮೆ ನಾಲ್ಕು ವಾರ. ಬಂಡೆ, ಹಿಮ, ಮಂಜುಗಡ್ಡೆ, ಭಾರ ಹೊತ್ತು ನಡಿಗೆ. ಎ ಗ್ರೇಡ್ ಬಂದರೆ ಅಡ್ವಾನ್ಸ್ಡ್, ಅಲ್ಲೂ ಎ ಬಂದರೆ ಕಲಿಸುವುದನ್ನು ಕಲಿಸುವ ಮೆಥಡ್ ಆಫ್ ಇನ್‌ಸ್ಟ್ರಕ್ಷನ್.

ಇಲ್ಲೇ ಜನ ಎಡವುವುದು. "ನಾನು ಬೇಸಿಕ್ ಮಾಡಿದ್ದೀನಿ, ಮಕ್ಕಳನ್ನ ಲೀಡ್ ಮಾಡ್ತೀನಿ" ಅನ್ನುತ್ತಾರೆ. ಬೇಸಿಕ್ ಕೋರ್ಸ್ ನಿಮ್ಮನ್ನು ಒಳ್ಳೆಯ ಶಿಷ್ಯ ಮಾಡುತ್ತದೆ. ಹೇಳಿದ ಹೊತ್ತಿಗೆ ಏಳುವುದು, ಹೇಳಿದಷ್ಟು ಹೊರುವುದು, ಬೇಡ ಅಂದಾಗ ನಿಲ್ಲುವುದು. ಆ ಶಿಸ್ತು ಬಹಳ ದೊಡ್ಡದು, ನಾನು ಅದನ್ನು ಗೌರವಿಸುತ್ತೇನೆ. ಆದರೆ ಬೇರೆಯವರನ್ನು ನಡೆಸುವ ಪಾಠ ಬರುವುದು ಮೂರನೇ ಮೆಟ್ಟಿಲಿನಲ್ಲಿ. ಜೊತೆಗೆ ಅಲ್ಲಿನ ವೇಗಕ್ಕೆ ಒಗ್ಗಿದವರು ಹತ್ತು ವರ್ಷದ ಮಗುವಿನ ವೇಗಕ್ಕೆ ಇಳಿಯಲು ಕಷ್ಟಪಡುವುದನ್ನು ನೋಡಿದ್ದೇನೆ. ಐಸ್ ಆಕ್ಸ್ (ಹಿಮದಲ್ಲಿ ಬಳಸುವ ಕೊಡಲಿ) ಹಿಡಿಯಲು ಬಂದರೂ 1,930 ಮೀಟರ್‌ನ ಮುಳ್ಳಯ್ಯನಗಿರಿಯ ಗಾಳಿಮಳೆಯಲ್ಲಿ ಅದರಿಂದ ಪ್ರಯೋಜನ ಇಲ್ಲ. ಅಲ್ಲಿ ಬೇಕಾಗುವುದು ಒಣ ಬಟ್ಟೆಯ ಒಂದು ಎಕ್ಸ್‌ಟ್ರಾ ಚೀಲ, ಮತ್ತು ಅರ್ಧ ದಾರಿಯಲ್ಲೇ ವಾಪಸ್ ತಿರುಗುವ ಧೈರ್ಯ.

ಯಾರಿಗೆ ಬೇಕು ಹಾಗಾದರೆ? ಕಾಲೇಜು ಮಕ್ಕಳನ್ನು ಹಿಮಾಲಯಕ್ಕೆ ಕರೆದೊಯ್ಯುವವರಿಗೆ ಬೇಕೇ ಬೇಕು. ರಾಮನಗರ, ಬಾದಾಮಿಯ ಬಂಡೆಗಳಲ್ಲಿ ಮಕ್ಕಳಿಗೆ ಹಗ್ಗ ಹಾಕಿ ಇಳಿಸುವವರಿಗೆ ನಾಲ್ಕು ವಾರದ ಹಿಮದ ಕೋರ್ಸಿಗಿಂತ ಬಂಡೆ ಹತ್ತುವ ಕೋರ್ಸ್ ಹೆಚ್ಚು ಉಪಯೋಗ. ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ವಿಚಾರಿಸಿ. ಒಂದು ಮಾತಿನಲ್ಲಿ ನಾನು ರಾಜಿ ಆಗುವುದಿಲ್ಲ: ವಿಡಿಯೋ ನೋಡಿ ಕಲಿತ ಆಂಕರ್‌ಗೆ (ಹಗ್ಗವನ್ನು ಬಂಡೆಗೆ ಬಿಗಿಯುವ ಆಧಾರಕ್ಕೆ) ಮಗುವನ್ನು ಕಟ್ಟಬೇಡಿ.

ಇನ್ನುಳಿದವು

ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡ್ ಅನ್ನುವ, ಸೇವೆ, ಕ್ರೀಡೆ, ಸಾಹಸ ಪ್ರಯಾಣ ಸೇರಿದ ಯುವಜನರ ಕಾರ್ಯಕ್ರಮ ನಮ್ಮಲ್ಲಿ ಕೆಲವು ಖಾಸಗಿ ಶಾಲೆಗಳಲ್ಲಿದೆ, 14ರಿಂದ 24 ವಯಸ್ಸಿನವರಿಗೆ. ಅದರ ನಾಯಕರ ತರಬೇತಿ ಚಿಕ್ಕದು. ಆದರೂ ಅದರಿಂದ ಎರಡು ವಿಷಯ ಎಲ್ಲರೂ ಕದಿಯಬೇಕು. ಒಂದು, ನಿಜವಾದ ಪ್ರಯಾಣಕ್ಕೆ ಮುಂಚೆ ಅಭ್ಯಾಸದ ಪ್ರಯಾಣ ಕಡ್ಡಾಯ. ಎರಡು, ಮಕ್ಕಳು ನಾಲ್ಕರಿಂದ ಏಳು ಜನರ ಗುಂಪಿನಲ್ಲಿ ತಾವೇ ಯೋಜನೆ ಹಾಕಿ ನಡೆಯುತ್ತಾರೆ, ದೊಡ್ಡವರು ದೂರದಿಂದ ಕಣ್ಣಿಟ್ಟಿರುತ್ತಾರೆ.

ಎನ್‌ಸಿಸಿ ಅಧಿಕಾರಿ ತರಬೇತಿ ಎನ್‌ಸಿಸಿ ಇರುವ ಶಾಲೆ ಕಾಲೇಜುಗಳ ಅಧ್ಯಾಪಕರಿಗೆ ಮಾತ್ರ. ಹೋಟೆಲ್ ಹಾಲಿನಲ್ಲಿ ಎಸಿ ಹಾಕಿ ಒಂದು ದಿನ ನಡೆಯುವ "ಔಟ್‌ಡೋರ್ ಲೀಡರ್‌ಶಿಪ್" ಕಾರ್ಯಾಗಾರಕ್ಕೆ ದುಡ್ಡು ಕೊಡಬೇಡಿ. ಹೊರಗೆ ಒಂದು ರಾತ್ರಿಯೂ ಕಳೆಯದ ಕೋರ್ಸ್ ಹೊರಾಂಗಣದ ನಾಯಕತ್ವ ಕಲಿಸುವುದಿಲ್ಲ.

ಆಯ್ಕೆಗೆ ಬಿಡದೇ ಇರಬೇಕಾದದ್ದು

ಮಕ್ಕಳ ರಕ್ಷಣೆಯ ಪಾಠ. ಮೇಲೆ ಹೇಳಿದ ಯಾವುದನ್ನು ಆರಿಸಿದರೂ ಇದು ಅದಕ್ಕಿಂತ ಮೊದಲು. ಅಮೆರಿಕದಲ್ಲಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ಮಕ್ಕಳ ಸ್ಕೌಟ್ ಘಟಕದಲ್ಲಿ ಸ್ವಯಂಸೇವಕರಾಗಬೇಕಾದರೆ ಮೊದಲು ಈ ತರಬೇತಿ ಮುಗಿಸಲೇಬೇಕು. 21 ವರ್ಷ ದಾಟಿದ, ನೋಂದಾಯಿಸಿಕೊಂಡ ಇಬ್ಬರು ದೊಡ್ಡವರಿಲ್ಲದೆ ಅಲ್ಲಿ ಚಟುವಟಿಕೆಯೇ ನಡೆಯುವಂತಿಲ್ಲ. ವಿಶ್ವ ಸ್ಕೌಟ್ ಸಂಸ್ಥೆಯೂ ಸೇಫ್ ಫ್ರಮ್ ಹಾರ್ಮ್ ಹೆಸರಿನಲ್ಲಿ ಆನ್‌ಲೈನ್ ಪಾಠ ಇಟ್ಟಿದೆ.

ನಮ್ಮ ಎಷ್ಟೋ ಗುಂಪುಗಳಲ್ಲಿ "ಎಲ್ಲರೂ ಗೊತ್ತಿರೋರೇ ಬಿಡಿ" ಅಂತ ಇದನ್ನು ದಾಟಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಸಂಬಳ ಇಲ್ಲದ ಸ್ವಯಂಸೇವಕರಿಗೂ ಇದು ಅನ್ವಯಿಸುತ್ತದೆ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಮರೆಯಲ್ಲಿ ಇರಬಾರದು, ದೊಡ್ಡವರ ಟೆಂಟ್ ಬೇರೆ, ಹುಡುಗಿಯರಿದ್ದರೆ ಮಹಿಳೆಯರು ಇರಲೇಬೇಕು. 1098 ಅನ್ನುವ ಮಕ್ಕಳ ಸಹಾಯವಾಣಿಯ ನಂಬರ್ ಮಕ್ಕಳಿಗೂ ಬಾಯಿಪಾಠ ಆಗಿರಬೇಕು.

ಯಾರೂ ಮಾರದ ತರಬೇತಿ

ಅನುಭವಸ್ಥರ ಹಿಂದೆ ನಡೆಯುವುದು. ಒಂದು ವರ್ಷದಲ್ಲಿ ಐದಾರು ಚಾರಣಕ್ಕೆ ಸಾಲಿನ ಕೊನೆಯವರಾಗಿ ಹೋಗಿ. ಕೊನೆಯಲ್ಲಿ ನಡೆಯುವವರಿಗೆ ಎಲ್ಲ ಕಾಣುತ್ತದೆ. ಯಾವ ಮಗುವಿನ ಶೂ ಬಿಚ್ಚಿಕೊಂಡಿದೆ, ಯಾರು ಮಾತು ನಿಲ್ಲಿಸಿದ್ದಾರೆ, ಯಾರು ಯಾರ ಬ್ಯಾಗ್ ಹೊರುತ್ತಿದ್ದಾರೆ. ಪ್ರತಿ ಸಲ ಮನೆಗೆ ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಮುಂದಿದ್ದವರು ಇವತ್ತು ಯಾವ ನಿರ್ಧಾರ ತೆಗೆದುಕೊಂಡರು, ಯಾವಾಗ, ನಾನಾಗಿದ್ದರೆ ಏನು ಮಾಡುತ್ತಿದ್ದೆ. ಸಾಧ್ಯವಾದರೆ ಅವರನ್ನೇ ಕೇಳಿ. ವಾಪಸ್ ತಿರುಗುವ ನಿರ್ಧಾರ ತೆಗೆದುಕೊಂಡ ಚಾರಣದ ಪುಟಗಳೇ ನನ್ನ ನೋಟ್‌ಬುಕ್ಕಿನಲ್ಲಿ ಹೆಚ್ಚು ತಿರುವಿ ಹಾಕಿದ ಪುಟಗಳು.

ನಿಮಗೆ ಯಾವುದು?

ಸರ್ಕಾರಿ ಶಾಲೆಯ ಶಿಕ್ಷಕರಾದರೆ ಯೋಚನೆಯೇ ಬೇಡ, ಜಿಲ್ಲಾ ಸ್ಕೌಟ್ಸ್ ಗೈಡ್ಸ್ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್‌ಗೆ ಹೆಸರು ಕೊಡಿ. ಅದರ ಜೊತೆ ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್.

ವಾರಾಂತ್ಯದಲ್ಲಿ ಸಂಸ್ಥೆಯೊಂದರ ಮಕ್ಕಳ ಜೊತೆ ಹೋಗುವ ಕಂಪನಿ ಕೆಲಸದವರಾದರೆ ರಜೆ ಕಡಿಮೆ ಇರುತ್ತದೆ. ನಿಮಗೆ ಎರಡು ದಿನದ ಕಾಡಿನ ಪ್ರಥಮ ಚಿಕಿತ್ಸೆಯೇ ಮೊದಲು. ಆಮೇಲೆ ಒಂದು ವರ್ಷ ಕೊನೆಯವರಾಗಿ ನಡೆಯಿರಿ.

ಮಗಳ ಜೊತೆ ಬಂದ ಅಮ್ಮನಾದರೆ, "ನಂಗೇನೂ ಗೊತ್ತಿಲ್ಲ" ಅಂತ ಹಿಂದೆ ಸರಿಯಬೇಡಿ. ಹುಡುಗಿಯರಿರುವ ಪ್ರತಿ ಗುಂಪಿಗೂ ನೀವು ಬೇಕು. ಮಕ್ಕಳ ರಕ್ಷಣೆಯ ಪಾಠ ಮತ್ತು ಪ್ರಥಮ ಚಿಕಿತ್ಸೆ ಮುಗಿಸಿ ಬನ್ನಿ.

ಗುಂಪು ನಡೆಸುವವರಾಗಿದ್ದು ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ, ಒಬ್ಬರನ್ನು ದುಬಾರಿ ಕೋರ್ಸ್‌ಗೆ ಕಳಿಸುವ ಬದಲು ನಾಲ್ಕು ಜನರಿಗೆ ಎರಡು ದಿನದ್ದು ಮಾಡಿಸಿ. ಆ ಒಬ್ಬರಿಗೇ ಕಾಲು ಉಳುಕಿದರೆ ಏನು ಮಾಡುತ್ತೀರಿ? ಎರಡನೇ ವರ್ಷ ಆ ನಾಲ್ವರಲ್ಲಿ ಒಬ್ಬರನ್ನು ಹತ್ತು ದಿನದ್ದಕ್ಕೆ ಕಳಿಸಿ.

ಸೇರುವ ಮುಂಚೆ ಕೋರ್ಸ್ ನಡೆಸುವವರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ಎಷ್ಟು ಗಂಟೆ ಹೊರಗೆ, ಎಷ್ಟು ಗಂಟೆ ಒಳಗೆ? ಕಲಿಸುವವರು ಮಕ್ಕಳ ಜೊತೆ ಕೆಲಸ ಮಾಡಿದ್ದಾರಾ? ಫೇಲ್ ಮಾಡುತ್ತೀರಾ? ಮೂರನೆಯದಕ್ಕೆ "ಇಲ್ಲ ಇಲ್ಲ, ಎಲ್ಲರಿಗೂ ಸರ್ಟಿಫಿಕೇಟ್ ಕೊಡ್ತೀವಿ" ಅಂದರೆ ಫೋನ್ ಇಟ್ಟು ಬೇರೆ ಕಡೆ ನೋಡಿ.

ನಮ್ಮ ಗುಂಪಿನಲ್ಲಿ ಈಗ ಬಸ್ ಹತ್ತುವ ಮುಂಚೆ ಹುಡುಗಿಯರನ್ನು ಹತ್ತು ನಿಮಿಷ ಬೇರೆ ಕೂರಿಸಿಕೊಳ್ಳುತ್ತೇವೆ. ಒಂದು ಹಳೆ ಸೀರೆ, ಹಗ್ಗ, ಕೈ ತೊಳೆಯಲು ಸೋಪು, ಪ್ಯಾಡ್, ಬಳಸಿದ್ದನ್ನು ವಾಪಸ್ ತರಲು ಕಪ್ಪು ಕವರ್, ಎಲ್ಲ ತೋರಿಸುತ್ತೇವೆ. ಆಮೇಲೆ ಎಲ್ಲರ ಬಾಟಲಿಯ ಸೀಲ್ ಅಲ್ಲೇ ಒಡೆಸುತ್ತೇವೆ.